ಎಮ್ಮೆಯ ಚುಕ್ಕಿಗೆ ಕಾಡಿಗೆ

ನಮ್ಮ ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೂ ನನ್ನ ಪಿಎಚ್.ಡಿ. ಪ್ರಬಂಧದ ಒಂದು ಪುಟವನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಆ ಪುಟದಲ್ಲಿ ಒಂದು ನಕ್ಷೆ ಇದೆ. ನಕ್ಷೆಯ ತುಂಬ ಲಕ್ಷಗಟ್ಟಲೆ ನೀಲಿ ಚುಕ್ಕಿ, ಮೇಲೆ ಎಡಮೂಲೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕಿ. ಆ ಕಪ್ಪು ಚುಕ್ಕಿ ಅತ್ತೆಯದು, ಸರಿಯಾಗಿ ಹೇಳುವುದಾದರೆ ಅವರ ಎಮ್ಮೆಯದು. ಅದನ್ನು ಪ್ರಬಂಧದೊಳಗೆ ಉಳಿಸಿಕೊಳ್ಳಲು ನಾನು ಬೈಲಹೊಂಗಲದಲ್ಲಿ ಎಷ್ಟು ಒದ್ದಾಡಿದೆ ಎನ್ನುವುದು ನನ್ನ ಕಾಲೇಜಿನವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಈಗ ಹೇಳುತ್ತೇನೆ.

ನಾನು ಬೈಲಹೊಂಗಲದ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಗಂಡನ ಊರು ರಾಮದುರ್ಗ ತಾಲೂಕಿನ ಕಟಕೋಳ. ಅಲ್ಲಿ ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳು, ಹೊಲ, ಜೊತೆಗೆ ಒಂದು ಎಮ್ಮೆ. ಮನೆಯಲ್ಲಿ ಉಳಿದೆಲ್ಲದಕ್ಕೂ ಪಾಲುದಾರರು ಇದ್ದಾರೆ, ಎಮ್ಮೆಗೆ ಮಾತ್ರ ಅತ್ತೆಯೊಬ್ಬರೇ ಒಡತಿ. ನನ್ನ ಮಕ್ಕಳು ಸಣ್ಣವರಿದ್ದಾಗ, ನಾನು ಓದಲಿ ಎಂದು ಆ ಎಮ್ಮೆಯನ್ನು ನೆಗೆಣ್ಣಿಯ ಕೈಗೆ ಒಪ್ಪಿಸಿ ಬೈಲಹೊಂಗಲಕ್ಕೆ ಬಂದು ತಿಂಗಳುಗಟ್ಟಲೆ ಇದ್ದರು. ದಿನಾ ಸಂಜೆ ಕಟಕೋಳಕ್ಕೆ ಫೋನು ಹಚ್ಚಿ ಮೊದಲು ಎಮ್ಮೆಯ ಸುದ್ದಿ, ಆಮೇಲೆ ಹಿರಿಮಗನ ಸುದ್ದಿ ಕೇಳುತ್ತಿದ್ದರು. ಆ ಋಣ ನನ್ನ ತಲೆಯ ಮೇಲಿತ್ತು. ಹಾಗಾಗಿ ಪ್ರಬಂಧಕ್ಕೆ ವಿಷಯ ಹುಡುಕುವಾಗ ಹಾಲು ತಾನಾಗಿಯೇ ಸಿಕ್ಕಿತು.

ಈಗ ಹಳ್ಳಿಯ ಹಾಲಿನ ಡೈರಿಗಳಲ್ಲೆಲ್ಲ ಯಂತ್ರ ಬಂದಿದೆ. ಬೆಳಿಗ್ಗೆ ಸಂಜೆ ಜನ ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಹಾಲು ಎಷ್ಟು, ಅದರಲ್ಲಿ ಫ್ಯಾಟು ಎಷ್ಟು ಎನ್ನುವುದನ್ನು ಯಂತ್ರ ಅಳೆದು ಕಂಪ್ಯೂಟರಿಗೆ ಹಾಕುತ್ತದೆ. ಕಟಕೋಳ, ಸಾಲಹಳ್ಳಿ, ಸುರೇಬಾನ, ಆ ಕಡೆ ಸವದತ್ತಿಯ ಸುತ್ತಲಿನ ಕೆಲವು ಊರು, ಹೀಗೆ ಡೈರಿ ಡೈರಿ ತಿರುಗಿ, ಅನುಮತಿ ಪಡೆದು, ಹಲವು ವರ್ಷದ ಲೆಕ್ಕವನ್ನು ತಂದೆ. ಒಂದು ಮನೆಯವರು ಒಂದು ಹೊತ್ತು ಹಾಕಿದ ಹಾಲಿಗೆ ಒಂದು ಚುಕ್ಕಿ. ಬಲಕ್ಕೆ ಹೋದಂತೆ ಹಾಲು ಹೆಚ್ಚು, ಮೇಲಕ್ಕೆ ಹೋದಂತೆ ಫ್ಯಾಟು ಹೆಚ್ಚು. ಎಲ್ಲ ಸೇರಿ ನೋಡಿದರೆ ಹಾಲು ಹೆಚ್ಚಾದಷ್ಟೂ ಫ್ಯಾಟು ಇಳಿಯುತ್ತ ಹೋಗುವುದು ಕಾಣುತ್ತಿತ್ತು. "ಇದನ್ನ ನಮ್ಮವ್ವ ಚಾ ಕುಡಿಯೂದರಾಗ ಹೇಳ್ತಿದ್ಲು, ಇದಕ್ಕ ಇಷ್ಟ ವರ್ಷ ಓದಬೇಕಾತೇನ?" ಎಂದು ನನ್ನ ಗಂಡ ಕಾಡಿಸುತ್ತಿದ್ದರು. ಸಂಖ್ಯಾಶಾಸ್ತ್ರ ಓದದವರ ಜೊತೆ ಸಂಸಾರ ಮಾಡುವುದೆಂದರೆ ಹೀಗೆಯೇ.

ಒಮ್ಮೆ ರಜೆಗೆ ಕಟಕೋಳಕ್ಕೆ ಹೋದಾಗ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಅತ್ತೆಗೆ ನಕ್ಷೆ ತೋರಿಸಿದೆ. ಅದು ಪಿಡಿಎಫ್ ದಾಖಲೆ, ಲ್ಯಾಪ್‌ಟಾಪು ಹಳೆಯದು. ತೆರೆದ ಕೂಡಲೇ ಚಿತ್ರ ಬರಲಿಲ್ಲ. ಮೊದಲು ಖಾಲಿ ಪುಟ, ಆಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ, ಆಮೇಲೆ ಗುಂಪು ಗುಂಪಾಗಿ ಚುಕ್ಕಿ ಬರತೊಡಗಿದವು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅತ್ತೆ ಮಾತ್ರ ಚಹದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕುಳಿತು ಕಣ್ಣು ಮಿಟುಕಿಸದೆ ನೋಡಿದರು.

"ಡೈರಿಗೆ ಮಂದಿ ಬಂದಂಗ ಬರಾಕತ್ತಾವಲ್ಲ ಯವ್ವಾ. ಪೈಲಾ ಒಬ್ರು ಇಬ್ರು, ಆಮ್ಯಾಲ ಗದ್ದಲ" ಎಂದರು. ಚುಕ್ಕಿಗಳೆಲ್ಲ ಬಂದು ನಿಂತ ಮೇಲೆ ಕೇಳಿದರು, "ಇದರಾಗ ನಮ್ಮದೆಲ್ಲೈತಿ?"

ಹುಡುಕಿದೆ. ಅವರ ಎಮ್ಮೆಯ ಚುಕ್ಕಿಗಳು ಗುಂಪಿನ ತುಂಬ ಇದ್ದವು. ಆದರೆ ಒಂದು ಚುಕ್ಕಿ ಎಲ್ಲರನ್ನೂ ಬಿಟ್ಟು ಮೇಲೆ ಎಡಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ಯಾವ ಊರಿನ ಯಾವ ಮನೆಯ ಹಾಲೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ನಾನು ಬೆರಳಿಟ್ಟು ತೋರಿಸಿ, ಇದು ನಿಮ್ಮದು ಎಂದಾಗ ಅತ್ತೆಗೆ ಅದು ಯಾವ ಸಂಜೆ ಎನ್ನುವುದು ತಟ್ಟನೆ ಹೊಳೆಯಿತು. ಹಿಂದೊಮ್ಮೆ ಎಮ್ಮೆ ಹಾಲು ಬತ್ತಿಸುವ ಹೊತ್ತಿನಲ್ಲಿ, ಹಾಲು ಚೂರೇ ಆಗಿ, ಬೆಣ್ಣೆಯಷ್ಟು ಗಟ್ಟಿಯಾಗಿ ಬಂದಿತ್ತಂತೆ. ಯಂತ್ರದ ಅಂಕಿ ನೋಡಿ ಡೈರಿಯವನು ನಂಬದೆ ಮತ್ತೊಮ್ಮೆ ಹಾಕಿ ನೋಡಿದನಂತೆ. ಮತ್ತೂ ಅಷ್ಟೇ ಬಂದಿತು.

ಆ ಸಂಜೆ ಸಾಲಿನಲ್ಲಿ ಅತ್ತೆಯ ಹಿಂದೆಯೇ ನಿಂತಿದ್ದವರು ಪಕ್ಕದ ಮನೆಯವರು. ಓಣಿಯವರೆಲ್ಲ ಅವರನ್ನು ಚಿಗವ್ವ ಎನ್ನುತ್ತಾರೆ. ಚಿಗವ್ವನ ಎಮ್ಮೆಯೂ ಸಾಮಾನ್ಯದ್ದಲ್ಲ. "ಮಷೀನ ಕೆಟ್ಟಿತ್ತ ಬಿಡ ಯಕ್ಕಾ" ಎಂದು ಅಂದೇ ಒಂದು ಮಾತು ಒಗೆದರು. ಅಷ್ಟೇ. ಅಂದಿನಿಂದ ಅತ್ತೆ ಎಮ್ಮೆಯನ್ನು ಹೊಗಳಿದಾಗಲೆಲ್ಲ ಚಿಗವ್ವ ಮಷೀನಿನ ಮಾತು ತೆಗೆಯುವುದು, ಅತ್ತೆ ಮುಖ ತಿರುಗಿಸುವುದು ನಡೆದೇ ಇತ್ತು. ಹಾಗೆಂದು ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಡೈರಿಗೆ ಹೋಗುವವರಲ್ಲ.

"ಇದು ಪುಸ್ತಕದಾಗ ಬರತೈತೇನ?" ಅತ್ತೆ ಮೆಲ್ಲಗೆ ಕೇಳಿದರು.

"ಬರತೈತ್ರಿ ಅತ್ತಿ."

"ಕಲತವ್ರು ಎಲ್ಲಾರೂ ನೋಡತಾರ?"

"ನೋಡತಾರ್ರಿ."

ಮುಖ ಅರಳಿತು. ಮರುಗಳಿಗೆಯೇ ಬಾಡಿತು. "ಹಂಗಾದ್ರ ನೆದರ ಆಗೂದಿಲ್ಲೇನ? ಎಮ್ಮಿ ಗಬ್ಬ ಐತಿ" ಎನ್ನುತ್ತ ಎದ್ದು ಒಳಗೆ ಹೋದರು. ನೆದರು ಎಂದರೆ ನಮ್ಮ ಕಡೆ ದೃಷ್ಟಿ. ಕೂಸಿಗೆ ದೃಷ್ಟಿಯಾಗಬಾರದೆಂದು ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತಾರಲ್ಲ, ಅತ್ತೆ ಆ ಕಾಡಿಗೆಯ ಡಬ್ಬಿ ತಂದರು. ನಾನು ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಉಂಗುರದ ಬೆರಳಿನಿಂದ ಲ್ಯಾಪ್‌ಟಾಪಿನ ಪರದೆಯ ಮೇಲೆ, ಸರಿಯಾಗಿ ಎಮ್ಮೆಯ ಚುಕ್ಕಿಗೆ, ಬೊಟ್ಟು ಇಟ್ಟೇಬಿಟ್ಟರು.

ಕೈ ಹಿಡಿದುಕೊಂಡೆ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ನಗುವೇ ಗೆದ್ದಿತು. "ಅತ್ತಿ, ಹಿಂಗ ಹಚ್ಚಿದ್ರ ಇದೊಂದ ಪರದಿಗೆ ಆಗತೈತ್ರಿ. ಪುಸ್ತಕದಾಗ ಬರಬೇಕಂದ್ರ ನಾನ ಒಳಗಿಂದ ಹಚ್ಚಬೇಕ. ಹಚ್ಚತೇನಿ, ಬಿಡ್ರಿ" ಎಂದೆ. ಅಲ್ಲಿಯೇ ಕುಳಿತು ಎಮ್ಮೆಯ ಆ ಒಂದು ಚುಕ್ಕಿಯನ್ನು ಬೇರೆಯಾಗಿ, ಎಲ್ಲದರ ಮೇಲೆ, ಕಪ್ಪು ಬಣ್ಣದಲ್ಲಿ ಬರೆಯುವಂತೆ ಕಂಪ್ಯೂಟರಿಗೆ ಹೇಳಿದೆ. ಅತ್ತೆ ತಲೆಯಾಡಿಸಿದರು. ನನ್ನ ಪರದೆಯ ಕಾಡಿಗೆ ಹೋಗಲು ಬಹಳ ದಿನ ಹಿಡಿಯಿತು.

ಮುಂದೆ ಪ್ರಬಂಧ ಮುಗಿಯಿತು. ಅದನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿಸಬೇಕು. ಏರಿಸಲು ಹೋದರೆ ಅದು ನಿರಾಕರಿಸಿತು. ದಾಖಲೆಯ ಗಾತ್ರ ಮಿತಿಗಿಂತ ಬಹಳ ದೊಡ್ಡದು ಎಂದಿತು. ಅಕ್ಷರಗಳ ಪುಟಗಳು ನೂರಾರು ಇದ್ದರೂ ಅವುಗಳ ತೂಕ ಏನೂ ಇರಲಿಲ್ಲ. ಇಡೀ ಪ್ರಬಂಧದ ತೂಕವೆಲ್ಲ ಆ ಒಂದು ನಕ್ಷೆಯಲ್ಲಿ ಕುಳಿತಿತ್ತು. ಕೊನೆಯ ದಿನ ಹತ್ತಿರ ಬಂದಿತ್ತು. ಗಡ್ಡಕ್ಕೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡಲು ಹೊರಟ ನಾನು ಮೊದಲು ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿದೆ.

"ಮೇಡಂ, ಅಷ್ಟ ಚುಕ್ಕಿ ಯಾರ ಎಣಸಾಕ ಹೋಗತಾರ?" ಎಂದರು ಅವರು. "ಹತ್ತರಾಗ ಒಂದ ಇಟಗೊಂಡ ಉಳಿದದ್ದ ಬಿಡ್ರಿ. ಚೀಟಿ ಎತ್ತಿದಂಗ ಕಂಪ್ಯೂಟರ್ ತಾನ ಆರಸತೈತಿ. ಆಕಾರ ಅದ ಇರತೈತಿ, ಫೈಲ್ ಸಣ್ಣದಾಗತೈತಿ."

ಶಾಸ್ತ್ರದ ಪ್ರಕಾರ ಅವರ ಮಾತು ಸರಿ. ನಾನೇ ತರಗತಿಯಲ್ಲಿ ಅದನ್ನು ಕಲಿಸುತ್ತೇನೆ. ಮಾಡಿ ನೋಡಿದೆ. ಆಕಾರ ಹಾಗೇ ಇತ್ತು, ದಾಖಲೆಯೂ ಇಳಿದಿತ್ತು. ಆದರೆ ಚೀಟಿ ಎತ್ತುವುದರಲ್ಲಿ ಅತ್ತೆಯ ಚುಕ್ಕಿ ಹೋಗಿಬಿಟ್ಟಿತ್ತು. ಅತ್ತೆಯದಷ್ಟೇ ಅಲ್ಲ, ಬಿಸಿಲು ಚಳಿ ಎನ್ನದೆ ಪಾತ್ರೆ ಹೊತ್ತು ಬಂದ ಎಷ್ಟೋ ಜನರ ಹಾಲನ್ನು ಚೆಲ್ಲಿದಂತಾಗಿತ್ತು. ಅದೊಂದನ್ನಾದರೂ ಕೈಯಿಂದ ಇಡಲೇ ಎಂದು ಕೇಳಿದೆ.

"ಹಂಗ ಮಾಡಾಕ ಬರೂದಿಲ್ರಿ. ಚೀಟಿ ಅಂದ್ರ ಚೀಟಿ. ಖರೇ ಅಂದ್ರ ಅದು ಹೋದ್ರ ಚೊಲೋನ ಆತು. ಒಂಟಿ ನಿಂತೈತಿ, ಪರೀಕ್ಷಕರು ಅದನ್ನ ಹಿಡಕೊಂಡ ಜಗ್ಗತಾರ."

"ಸರ್, ಅದು ನಮ್ಮ ಅತ್ತಿ ಎಮ್ಮಿರಿ."

ಆ ಕಡೆಯಿಂದ ನಗು ಕೇಳಿಸಿತು. "ಹಂಗಾದ್ರ ನೀವ ದಾರಿ ಹುಡುಕ್ರಿ. ಅತ್ತಿ ಸೊಸಿ ನಡುವ ನಾ ಬರೂದಿಲ್ಲ" ಎಂದು ಫೋನು ಇಟ್ಟರು.

ಬಸ್ ನಿಲ್ದಾಣದ ಹತ್ತಿರ ಬೈಲಹೊಂಗಲದವರೆಲ್ಲ ನಂಬಿದ ಒಂದು ಕಂಪ್ಯೂಟರ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ನೌಕರಿಯ ಅರ್ಜಿ, ಎಲ್ಲ ಅಲ್ಲಿಯೇ. ಅದರ ಮಾಲೀಕನ ಕೈಯಲ್ಲಿ ಎಂಥ ದೊಡ್ಡ ದಾಖಲೆಗೂ ಒಂದೇ ಮದ್ದು. ಅದನ್ನು ಕಾಗದದ ಮೇಲೆ ಮುದ್ರಿಸುವುದು, ಆ ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡುವುದು. "ಫೈಲ್ ಎಷ್ಟರ ಇರಲಿ ಮೇಡಂ, ಪ್ರಿಂಟ್ ಹೊಡದ ಸ್ಕ್ಯಾನ್ ಮಾಡಿದ್ರ ಕೆಜಿ ಹೋಗಿ ಗ್ರಾಂ ಆಗತೈತಿ" ಎಂದ. ಆಗಿಯೂ ಆಯಿತು. ಹೊರಗೆ ಬಂದು ಸಂತೋಷಕ್ಕೆ ಒಂದು ಲೋಟ ಕಬ್ಬಿನ ಹಾಲು ಕುಡಿದು ಮನೆಗೆ ಹೋದೆ.

ಮನೆಯಲ್ಲಿ ತೆರೆದು ನೋಡಿದರೆ ನೀಲಿ ಗುಂಪು ಮಸುಕಾಗಿ ಇತ್ತು, ಎಮ್ಮೆ ಇರಲಿಲ್ಲ. ಮುದ್ರಿಸಿದ ಕಾಗದದಲ್ಲಿ ಇತ್ತು, ಸ್ಕ್ಯಾನಿನಲ್ಲಿ ಇಲ್ಲ. ನನ್ನ ಕಣ್ಣೇ ಮೋಸ ಮಾಡುತ್ತಿದೆಯೇ ಎಂದು ಕನ್ನಡಕ ಒರೆಸಿ ನೋಡಿದೆ. ಇಲ್ಲ. ದುಡುದುಡು ಮತ್ತೆ ಅಂಗಡಿಗೆ ಹೋಗಿ ಕೇಳಿದರೆ ಅವನು ತಣ್ಣಗೆ ಹೇಳಿದ, "ಕಸಾ ತಗಿಯೂ ಸೆಟ್ಟಿಂಗ್ ಚಾಲೂ ಇರಬೇಕ್ರಿ. ಬಿಳೀ ಕಾಗದದಾಗ ಒಂಟಿ ಕರೀ ಚುಕ್ಕಿ ಕಂಡ್ರ ಧೂಳ ಅಂತ ತಿಳದ ಅಳಿಸಿ ಬಿಡತೈತಿ."

ಕಟಕೋಳದ ಕೀರ್ತಿಯನ್ನು ಆ ಯಂತ್ರ ಧೂಳು ಎಂದು ಝಾಡಿಸಿತ್ತು. ಅದು ಧೂಳಲ್ಲ, ನಮ್ಮ ಅತ್ತೆಯ ಎಮ್ಮೆ ಎಂದು ಹೇಳಿ ಆ ಸೆಟ್ಟಿಂಗ್ ಬಂದ್ ಮಾಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆ. ಈ ಸಲ ಎಮ್ಮೆ ಬಂತು. ಜೊತೆಗೆ ಗಾಜಿನ ಮೇಲಿದ್ದ ನಿಜವಾದ ಧೂಳೂ ಬಂತು. ಪುಟದ ತುಂಬ ಕಪ್ಪು ಚುಕ್ಕಿ, ಯಾವುದು ಎಮ್ಮೆ ಯಾವುದು ಧೂಳು ತಿಳಿಯುವಂತಿರಲಿಲ್ಲ. "ಈಗ ಹಿಂಡ ಆತಲ್ರಿ ಮೇಡಂ" ಎಂದ ಅವನು. ನನಗೆ ನಗಲು ಆಗಲಿಲ್ಲ. ಆ ಸಂಜೆ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲೇ ಇಡೀ ಪುಟವನ್ನು ಸಣ್ಣ ಫೋಟೊ ಮಾಡಿ ನೋಡಿದೆ. ಆಗ ಅಂಕಿಗಳೂ ಅಕ್ಷರಗಳೂ ಕದಡಿ ಓದಲು ಬಾರದಾದವು, ಎಮ್ಮೆ ಶಾಯಿ ಸೋರಿದಂತೆ ಕಂಡಿತು.

ಆ ವಾರದಲ್ಲೇ ಅತ್ತೆ ಬೈಲಹೊಂಗಲಕ್ಕೆ ಬಂದರು. ಭಾವನ ಮಗಳ ಮದುವೆ ಗೊತ್ತಾಗಿತ್ತು, ಜವಳಿ ತೆಗೆಯುವುದಿತ್ತು. ಬಂದವರು ಬ್ಯಾಗು ಇಡುವ ಮೊದಲೇ ಕೇಳಿದ್ದು ಒಂದೇ ಮಾತು, "ಎಮ್ಮಿ ಪುಸ್ತಕದಾಗ ಹೋತೇನ?"

ಹೋಗಿಲ್ಲ ಎನ್ನುವ ಬದಲು ಅವರ ಕೈಯಿಂದ ಬ್ಯಾಗು ಇಸಿದುಕೊಂಡೆ. ಓಣಿಯ ತುಂಬ, ಡೈರಿಯ ತುಂಬ ಅವರು ಹೇಳಿಕೊಂಡಿದ್ದರು. ಚಿಗವ್ವ, "ಮಷೀನ ಕೆಟ್ಟದ್ದನ್ನ ಪುಸ್ತಕದಾಗ ಯಾರ ಹಾಕತಾರ" ಎಂದು ನಕ್ಕಿದ್ದರಂತೆ. ಈಗ ನಾನು ಆ ಚುಕ್ಕಿಯನ್ನು ಬಿಟ್ಟರೆ ಚಿಗವ್ವನ ಮಾತಿಗೆ ನಾನೇ ಸಹಿ ಹಾಕಿದಂತೆ. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡು, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಹಾಕಿಕೊಂಡರು. ಅವರು ಬೈದಿದ್ದರೆ ವಾಸಿಯಿತ್ತು.

ನಾನೂ ಒಲೆಯ ಪಕ್ಕ ಕುಳಿತು ಹೇಳಿದೆ. ಚಿತ್ರವನ್ನು ದಾಖಲೆಯಲ್ಲಿ ಇಡಲು ಎರಡು ದಾರಿ. ಒಂದರಲ್ಲಿ ಕಂಪ್ಯೂಟರು ಪ್ರತಿ ಚುಕ್ಕಿಗೂ ಬೇರೆ ಬೇರೆ ಹೇಳಿಕೆ ಬರೆದಿಡುತ್ತದೆ: ಇಲ್ಲೊಂದು ದುಂಡಗೆ ಬರೆ, ಇಲ್ಲೊಂದು ಬರೆ ಎಂದು. ಒಂದರ ಮೇಲೊಂದು ಬಿದ್ದು ಕಾಣದೇ ಹೋದ ಚುಕ್ಕಿಗೂ ಹೇಳಿಕೆ ಇರುತ್ತದೆ. ಅದಕ್ಕೇ ಅಷ್ಟು ಭಾರ, ತೆರೆಯಲು ಅಷ್ಟು ತಡ. ಇನ್ನೊಂದರಲ್ಲಿ ಎಲ್ಲವನ್ನೂ ಸೇರಿಸಿ ಒಂದು ಫೋಟೊ ತೆಗೆದುಬಿಡುತ್ತದೆ. ಎಷ್ಟು ಲಕ್ಷ ಚುಕ್ಕಿ ಇದ್ದರೂ ಫೋಟೊದ ತೂಕ ಅಷ್ಟೇ. ಆದರೆ ಹತ್ತಿರ ಹೋಗಿ ನೋಡಿದರೆ ಒಡೆದು ಕಾಣುತ್ತದೆ. "ಮನಿ ಮನಿಗೆ ಹೋಗಿ ಕುಂಕುಮ ಹಚ್ಚಿ ಲಗ್ನಕ್ಕ ಕರೆಯೂದು ಒಂದ, ಊರಿಗೆಲ್ಲಾ ಡಂಗುರ ಹೊಡಸೂದು ಒಂದ. ಹಂಗ್ರಿ" ಎಂದೆ.

ಲಗ್ನ ಎಂದದ್ದೇ ತಪ್ಪಾಯಿತು. ಅತ್ತೆಯ ಮನಸ್ಸು ಅತ್ತ ಹರಿಯಿತು. "ಅದನ್ನ ನಿಮ್ಮ ಭಾವಗ ಹೇಳಾಕತ್ತೇನಿ. ಊರಿಗೆ ಬೇಕಾದ್ರ ಡಂಗುರ ಹೊಡಸು. ಆದ್ರ ಬೀಗರನ್ನ ಡಂಗುರದಾಗ ಕರದ್ರ ಬರತಾರೇನ? ಅವರ ಮನಿಗೆ ಹೋಗೇ ಕರೀಬೇಕ."

ನನಗೆ ರೇಗಿತು. ನಾನು ನನ್ನ ಬೆಂಕಿಯಲ್ಲಿ ಬೇಯುತ್ತಿದ್ದೇನೆ, ಇವರಿಗೆ ಬೀಗರ ಚಿಂತೆ. ಏನೋ ಚುರುಕಾಗಿ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಊರಿಗೆ ಡಂಗುರ, ಬೀಗರಿಗೆ ಕುಂಕುಮ. ಎರಡೂ ಒಂದೇ ಲಗ್ನಕ್ಕೆ. ಇಷ್ಟು ದಿನ ನಾನು ಇಡೀ ನಕ್ಷೆಯನ್ನು ಒಂದೋ ಹಾಗೆ ಮಾಡುತ್ತಿದ್ದೆ, ಇಲ್ಲವೇ ಹೀಗೆ ಮಾಡುತ್ತಿದ್ದೆ. ಒಂದೇ ಚಿತ್ರದಲ್ಲಿ ಎರಡೂ ಇರಬಹುದೆಂದು ಹೊಳೆದೇ ಇರಲಿಲ್ಲ. ಹೊಳೆಯದಿದ್ದುದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಆದರೆ ಆ ಸಿಟ್ಟು ಲ್ಯಾಪ್‌ಟಾಪು ತೆರೆಯುವವರೆಗೂ ಉಳಿಯಲಿಲ್ಲ.

ಕೆಲಸ ಚಿಕ್ಕದೇ ಇತ್ತು. ನೀಲಿ ಚುಕ್ಕಿಗಳ ಗುಂಪನ್ನಷ್ಟೇ, ಒಂದನ್ನೂ ಬಿಡದೆ, ಫೋಟೊ ಮಾಡಿ ಚೌಕಟ್ಟಿನೊಳಗೆ ಕೂರಿಸಬೇಕು. ಗೆರೆ, ಅಂಕಿ, ಅಕ್ಷರ ಮೊದಲಿನಂತೆಯೇ ಬರೆದ ಹೇಳಿಕೆಗಳಾಗಿ ಉಳಿಯಬೇಕು. ಅವುಗಳ ಜೊತೆ ಇನ್ನೊಂದು ಹೇಳಿಕೆ, ಅತ್ತೆಯ ಕಪ್ಪು ಚುಕ್ಕಿಗೆ. ಕಾಡಿಗೆಯ ಸಲುವಾಗಿ ಅದನ್ನು ಮೊದಲೇ ಬೇರೆ ಬರೆದಿದ್ದರಿಂದ ಆ ಸಾಲನ್ನು ಮುಟ್ಟುವ ಕೆಲಸವೂ ಬೀಳಲಿಲ್ಲ. ರೊಟ್ಟಿ ಬುಟ್ಟಿ ತುಂಬುವುದರೊಳಗೆ ಕೆಲಸ ಮುಗಿಯಿತು. ದಾಖಲೆ ಹೂವಿನಷ್ಟು ಹಗುರವಾಗಿತ್ತು. ತೆರೆದ ಕೂಡಲೇ ನಕ್ಷೆ ತಟ್ಟನೆ ನಿಂತಿತು.

ಅತ್ತೆಯನ್ನು ಕರೆದು ತೋರಿಸಿದೆ. ಅವರು ಖುಷಿಪಡಲಿಲ್ಲ. "ಎಲ್ಲಾರೂ ಒಮ್ಮೇಲೆ ಬಂದ ಬಿಟ್ರಲ್ಲ. ಲೈನ್ ಎಲ್ಲಿ ಹೋತು?" ಎಂದರು. ಚುಕ್ಕಿಗಳು ಒಂದೊಂದಾಗಿ ಬರುವುದನ್ನು ನೋಡಲು ಅವರು ಮತ್ತೆ ಚಹದ ಬಟ್ಟಲು ಹಿಡಿದು ಕುಳಿತಿದ್ದರು. ಆಮೇಲೆ ನಾನು ಮೂಲೆಯ ಕಡೆ ಹಿಗ್ಗಿಸುತ್ತ ಹೋದೆ. ನೀಲಿ ಚುಕ್ಕಿಗಳು ಒಡೆದು ಚೌಕ ಚೌಕವಾದವು. ಕಪ್ಪು ಚುಕ್ಕಿ ಎಷ್ಟು ಹಿಗ್ಗಿಸಿದರೂ ದುಂಡಗೆ, ಅಂಚು ಚೂರೂ ಕದಡದೆ, ಹಾಗೇ ಇತ್ತು.

"ನೋಡಿದಿ? ಕಾಡಿಗಿ ಹಚ್ಚಿದ್ದಕ್ಕ" ಎಂದರು ಅತ್ತೆ.

ಮರುದಿನ ಮಧ್ಯಾಹ್ನ ಕಾಲೇಜಿನಲ್ಲಿ ಕುಳಿತು ಪ್ರಬಂಧ ಏರಿಸಿದೆ. ಸರಾಗವಾಗಿ ಹೋಯಿತು. ಹೋದ ಸುದ್ದಿ ಕೇಳಿ ಅತ್ತೆ ಜವಳಿ ಅಂಗಡಿಯಲ್ಲಿ ನನಗೂ ಒಂದು ಇಳಕಲ್ ಸೀರೆ ಆರಿಸಿದರು. ಅದು ಕಪ್ಪು ಬಣ್ಣದ್ದಾಗಿತ್ತು, ಕೆಂಪು ಸೆರಗಿನದು. ಇಂದಿಗೂ ನನ್ನ ಹತ್ತಿರ ಅದಕ್ಕಿಂತ ಚಂದದ ಸೀರೆ ಇಲ್ಲ.

ಮದುವೆಯೂ ಆಯಿತು, ತಿಂಗಳುಗಳೂ ಕಳೆದವು. ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆಯ ದಿನ ಬಂತು. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ನನ್ನ ಗಂಡ ಕಟಕೋಳದಲ್ಲಿ ಬಾಯಿ ಬಿಟ್ಟಿದ್ದರು. ಅಂದು ನಸುಕಿನಲ್ಲೇ ಬಾಡಿಗೆ ಜೀಪು ಬೈಲಹೊಂಗಲದ ನಮ್ಮ ಬಾಗಿಲಿಗೆ ಬಂದು ನಿಂತಿತು. ಒಳಗೆ ಅತ್ತೆ, ಅತ್ತೆಯ ಪಕ್ಕದಲ್ಲಿ ಚಿಗವ್ವ, ಚಿಗವ್ವನ ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಎಮ್ಮೆ ಆಗಷ್ಟೇ ಹೆಣ್ಣು ಕರು ಈದಿತ್ತು. ಡಬ್ಬಿಯಲ್ಲಿ ಆ ಮೊದಲ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಮಾಡಿದ ಗಿಣ್ಣ ಇತ್ತು.

ಕಿತ್ತೂರಿನ ಹತ್ತಿರ ಹೆದ್ದಾರಿ ಹತ್ತುವ ಮೊದಲು ಒಂದು ಮರದ ಕೆಳಗೆ ಜೀಪು ನಿಲ್ಲಿಸಿ ರೊಟ್ಟಿ ಬುತ್ತಿ ಬಿಚ್ಚಿದೆವು. ನಾನು ತುತ್ತು ಬಿಟ್ಟು ಪ್ರಬಂಧದ ಪುಟ ತಿರುವುತ್ತಿದ್ದೆ. ಚಿಗವ್ವ ಶೇಂಗಾ ಚಟ್ನಿ ಬಡಿಸುತ್ತ, "ಏನ ಕೇಳಿದ್ರೂ ಅಂಜಬ್ಯಾಡ ತಂಗಿ. ಎಮ್ಮಿ ಬಗ್ಗೆ ಕೇಳಿದ್ರ ಮಷೀನ ಕೆಟ್ಟಿತ್ತ ಅಂದ್ಬಿಡು" ಎಂದರು. ಅತ್ತೆ ತಮ್ಮ ತಾಟನ್ನು ಎತ್ತಿಕೊಂಡು ಜೀಪಿನ ಆ ಕಡೆ ಹೋಗಿ ಕುಳಿತರು. ನನ್ನ ಗಂಡ ಇಬ್ಬರ ನಡುವೆ ಮೊಸರಿನ ಗಡಿಗೆ ಹಿಡಿದು ಓಡಾಡಿದರು.

ಪರೀಕ್ಷಕರು ಮೈಸೂರಿನ ಕಡೆಯವರು, ವಯಸ್ಸಾದವರು, ಮೆಲ್ಲನೆಯ ಮಾತು. ನಾನು ಗೋಡೆಯ ಮೇಲೆ ನಕ್ಷೆ ತೋರಿಸಿದಾಗ ಅವರು ಮೂಲೆಯನ್ನು ಹಿಗ್ಗಿಸಲು ಹೇಳಿದರು. ಹಿಗ್ಗಿಸಿದೆ. ನೀಲಿ ಒಡೆಯಿತು, ಕಪ್ಪು ದುಂಡಗೆ ನಿಂತಿತು.

"ಇದೊಂದು ಯಾಕಮ್ಮ ಒಡೆಯಲಿಲ್ಲ?"

ಗುಂಪನ್ನು ಫೋಟೊ ಮಾಡಿದ್ದು, ಇದನ್ನು ಬರೆದದ್ದು, ದಾಖಲೆಯ ಗಾತ್ರ ಇಳಿದದ್ದು, ಎಲ್ಲ ಹೇಳಿದೆ. ಅವರಿಗೆ ಹಿಡಿಸಿತು. ಆಮೇಲೆ ನನ್ನ ಮಾರ್ಗದರ್ಶಕರು ಹೆದರಿದ್ದ ಪ್ರಶ್ನೆಯೇ ಬಂತು. "ಇಷ್ಟು ದೂರ ಯಾವ ಚುಕ್ಕಿಯೂ ಇಲ್ಲ. ಇದು ಯಂತ್ರದ ತಪ್ಪಿರಬಹುದಲ್ಲವೇ? ಯಾಕೆ ಇಟ್ಟುಕೊಂಡಿರಿ?"

"ಎರಡು ಸಲ ಅಳೆದಿದ್ದಾರೆ ಸರ್. ಎಮ್ಮೆ ಹಾಲು ಬತ್ತಿಸುವ ಹೊತ್ತು ಅದು."

"ಎರಡನೆಯ ಸಲ ಅಳೆದದ್ದಕ್ಕೆ ಆಧಾರ?"

ಆಧಾರ ಇರಲಿಲ್ಲ. ಡೈರಿಯ ಕಂಪ್ಯೂಟರಿನಲ್ಲಿ ಒಂದೇ ಅಂಕಿ ಇತ್ತು. ನಾನು ಅತ್ತೆಯ ಮುಖ ನೋಡದಂತೆ ಗೋಡೆಯ ಕಡೆ ತಿರುಗಿ ನಿಂತೆ. ಆಗ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದು ಕೇಳಿಸಿತು. ಎದ್ದವರು ಅತ್ತೆಯಲ್ಲ, ಚಿಗವ್ವ.

"ಮಷೀನ ಬರೋಬ್ಬರಿ ಇತ್ರಿ ಸಾಹೇಬ್ರ" ಎಂದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು, ದನಿ ಮಾತ್ರ ಡೈರಿಯ ಸಾಲಿನಲ್ಲಿ ಇರುವಷ್ಟೇ ದೊಡ್ಡದಿತ್ತು. "ಎರಡ ಸಲ ಹಾಕಿ ನೋಡಿದ್ರು. ನಾನ ಹಿಂದ ನಿಂತಿದ್ನಿ. ಅದರ ಮ್ಯಾಗ ನನ್ನ ಹಾಲ ಹಾಕಿದ್ರು, ಅದು ದಿನಾ ಬರೂವಷ್ಟ ಬಂತು. ಮಷೀನ ಕೆಟ್ಟಿದ್ರ ನಂದೂ ಕೆಡತಿತ್ತಲ್ರಿ."

ಅತ್ತೆ ಚಿಗವ್ವನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಇಷ್ಟು ದೂರ ಬಂದು ಸಿಕ್ಕಿತ್ತು. ನನ್ನ ಕಣ್ಣು ತುಂಬಿ ಬಂತು, ನಕ್ಷೆ ನನಗೇ ಕಾಣದಾಯಿತು.

"ಒಪ್ಪಿದೆ" ಎಂದರು ಪರೀಕ್ಷಕರು. ಆಮೇಲೆ ನನಗಲ್ಲ, ನೇರ ಹಿಂದಿನ ಸಾಲಿಗೇ ಕೇಳಿದರು, "ಸರಿ, ಇದಕ್ಕೆ ಕಪ್ಪು ಬಣ್ಣ ಯಾಕೆ?"

ಈಗ ಅತ್ತೆ ಎದ್ದರು. "ನಮ್ಮ ಎಮ್ಮಿರಿ ಅದು. ಇಷ್ಟ ಮಂದಿ ಕಲತವ್ರು ನೋಡತೀರಿ, ನೆದರ ಆಗಬಾರದಂತ ಕಾಡಿಗಿ ಹಚ್ಚೇವಿ."

ಮೊದಲು ನಕ್ಕವರು ನನ್ನ ಮಾರ್ಗದರ್ಶಕರು. ಆಮೇಲೆ ಎಲ್ಲರೂ ನಕ್ಕರು. ಪರೀಕ್ಷಕರು ನಗುತ್ತಲೇ ಪ್ರಬಂಧಕ್ಕೆ ಒಂದೇ ಒಂದು ತಿದ್ದುಪಡಿ ಸೂಚಿಸಿದರು: ಕಪ್ಪು ಚುಕ್ಕಿ ಏನು, ಯಾಕೆ ಕಪ್ಪು ಎನ್ನುವುದನ್ನು ನಕ್ಷೆಯ ಕೆಳಗೆ ಬರೆಯಬೇಕು. ಗಿಣ್ಣವನ್ನು ಅವರು ಎರಡು ಸಲ ಹಾಕಿಸಿಕೊಂಡರು.

ರಟ್ಟು ಕಟ್ಟಿಸಿದ ಪ್ರಬಂಧದ ಒಂದು ಪ್ರತಿಯನ್ನು ಕಟಕೋಳದ ಮನೆಗೆ ಕೊಟ್ಟೆ. ಅತ್ತೆ ಅದನ್ನು ದೇವರ ಮುಂದೆ ಇಟ್ಟು ಆಮೇಲೆ ಕಟ್ಟೆಗೆ ತಂದರು. ಪುಟ ತೆರೆಯುವ ಹೊತ್ತಿಗೆ ಪಕ್ಕದ ಮನೆಯಿಂದ ಚಿಗವ್ವ ಬೆಣ್ಣೆ ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದರು. ಕಪ್ಪು ಚುಕ್ಕಿಯನ್ನು ನೋಡಿದರು, ನೀಲಿ ಗುಂಪನ್ನು ನೋಡಿದರು, ಕೇಳಿದರು.

"ಯಕ್ಕಾ, ಇದರಾಗ ನಂದೆಲ್ಲೈತಿ?"

ಒಂದನ್ನೂ ಬಿಟ್ಟಿಲ್ಲ, ಎಲ್ಲ ಗುಂಪಿನೊಳಗೆ ಇವೆ ಎಂದು ಹೇಳಲು ನಾನು ಹೊರಟೆ. ಅತ್ತೆ ನನ್ನನ್ನು ತಡೆದರು. ಚಿಗವ್ವನ ಬೆರಳು ಹಿಡಿದು, ಕಪ್ಪು ಚುಕ್ಕಿಯ ಮಗ್ಗುಲಿಗೇ ಒತ್ತಿದರು. "ಇಲ್ಲೈತಿ. ದಿನಾ ಲೈನಿನ್ಯಾಗ ಎಲ್ಲಿ ನಿಂದರತಿ ನೀ?"

ಅಲ್ಲಿ ಯಾವ ಚುಕ್ಕಿಯೂ ಇರಲಿಲ್ಲ, ಬರೀ ಬಿಳಿ ಕಾಗದ. ಸಂಖ್ಯಾಶಾಸ್ತ್ರದ ಮೇಡಂ ಬಾಯಿ ಮುಚ್ಚಿಕೊಂಡು ಕುಳಿತಳು. ಚಿಗವ್ವ ಬೆರಳು ಎತ್ತಿದಾಗ ಆ ಜಾಗದಲ್ಲಿ ದುಂಡಗೆ ಬೆಣ್ಣೆಯ ಕಲೆ ಉಳಿದಿತ್ತು. ವಿಶ್ವವಿದ್ಯಾಲಯದ ಪ್ರತಿಯಲ್ಲಿ ಅದಿಲ್ಲ. ನಮ್ಮ ಮನೆಯ ಪ್ರತಿಯಲ್ಲಿ ಈಗಲೂ ಇದೆ.